ಕಿವಿಗೂ ಒಂದು ಬುತ್ತಿ

ಪ್ರಯಾಣಕ್ಕೆ ಹೊರಡುವ ಮುನ್ನ ಬುತ್ತಿ ಕಟ್ಟುವುದು ನಮ್ಮವರ ಹಳೆಯ ಪದ್ಧತಿ. ಚಿತ್ರಾನ್ನವೋ ಮೊಸರನ್ನವೋ ಚಪಾತಿಯೋ, ಯಾವುದು ಎಷ್ಟು ಹೊತ್ತು ಕೆಡದೆ ಉಳಿದೀತು, ಯಾವುದು ಮಕ್ಕಳ ಹೊಟ್ಟೆಗೆ ಒಗ್ಗೀತು ಎಂಬುದನ್ನೆಲ್ಲ ಹಿಂದಿನ ರಾತ್ರಿಯೇ ಯೋಚಿಸಿ ಸಿದ್ಧಪಡಿಸುತ್ತೇವೆ. ಆದರೆ ನಾಲ್ಕೈದು ಗಂಟೆಗಳ ಕಾಲ ಕಾರಿನಲ್ಲಿ ಕುಳಿತಿರಬೇಕಾದ ಮಕ್ಕಳ ಕಿವಿಗೂ ಮನಸ್ಸಿಗೂ ಏನನ್ನು ಬಡಿಸಬೇಕೆಂಬ ಯೋಚನೆ ಮಾತ್ರ ಬಹಳ ಮನೆಗಳಲ್ಲಿ ಕಾರು ಊರು ದಾಟಿದ ಮೇಲೆ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಹಿಂದಿನ ಆಸನದಲ್ಲಿ ಜಗಳ ಆರಂಭವಾಗಿರುತ್ತದೆ. ಅದನ್ನು ನಿಲ್ಲಿಸಲು ಒಬ್ಬೊಬ್ಬರ ಕೈಗೂ ಒಂದೊಂದು ಮೊಬೈಲು ಬರುತ್ತದೆ. ಅಲ್ಲಿಗೆ ಜಗಳದ ಜೊತೆಗೆ ಮಾತೂ ನಿಂತುಹೋಗುತ್ತದೆ.

ಈಚಿನ ವರ್ಷಗಳಲ್ಲಿ ಈ ಸಂಕಟಕ್ಕೆ ಒಂದು ಒಳ್ಳೆಯ ಉಪಾಯ ಒದಗಿದೆ. ಅದೇ ಪಾಡ್‌ಕಾಸ್ಟ್. ೨೦೦೪ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರ ಲೇಖನದಲ್ಲಿ ಕಾಣಿಸಿಕೊಂಡ ಈ ಹೆಸರು, ‘ಐಪಾಡ್’ ಎಂಬ ಕೈಯಂತ್ರದ ಹೆಸರಿಗೂ ‘ಬ್ರಾಡ್‌ಕಾಸ್ಟ್’ ಎಂಬ ಮಾತಿಗೂ ಗಂಟುಹಾಕಿ ಮಾಡಿದ್ದು. ಬಾನುಲಿಯ ಕಾರ್ಯಕ್ರಮಕ್ಕಾಗಿ ನಾವು ಕಾದು ಕುಳಿತಿರಬೇಕು. ಇಲ್ಲಿ ಕಾರ್ಯಕ್ರಮವೇ ನಮಗಾಗಿ ಕಾದಿರುತ್ತದೆ. ಬೇಕೆಂದಾಗ ಕೇಳಬಹುದು, ಬೇಡವೆಂದಾಗ ನಿಲ್ಲಿಸಬಹುದು, ತಿಳಿಯದಿದ್ದರೆ ಇನ್ನೊಮ್ಮೆ ಕೇಳಬಹುದು. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ಅಂದು ಸಾಹಸವೆನಿಸಿದ್ದನ್ನು ಇಂದು ಮೊಬೈಲಿರುವ ಯಾರು ಬೇಕಾದರೂ ಮಾಡಬಹುದಾಗಿದೆ. ಅನುಕೂಲವೂ ಇದೇ, ಅಪಾಯವೂ ಇದೇ. ಯಾರು ಬೇಕಾದರೂ ಮಾತನಾಡಬಹುದಾದ್ದರಿಂದ, ಯಾರ ಮಾತನ್ನು ಮಕ್ಕಳಿಗೆ ಕೇಳಿಸಬೇಕೆಂಬುದನ್ನು ನಾವೇ ಆರಿಸಬೇಕು.

ಆರಿಸುವಾಗ ಅನೇಕ ತಾಯಿತಂದೆಗಳು ಕೇಳಿಕೊಳ್ಳುವ ಪ್ರಶ್ನೆ, ‘ಇದರಿಂದ ಮಗು ಎಷ್ಟು ವಿಷಯ ಕಲಿತೀತು?’ ಎಂಬುದು. ಈ ಲೆಕ್ಕಾಚಾರ ಶಾಲೆಗೆ ಸರಿಯೆ. ಪ್ರಯಾಣಕ್ಕೆ ಬೇರೆಯೇ ಒಂದು ಪ್ರಶ್ನೆ ಉಂಟು: ‘ಇದನ್ನು ನಿಲ್ಲಿಸಿದ ಮೇಲೆ ಕಾರಿನೊಳಗೆ ಮಾತು ಹುಟ್ಟೀತೆ?’ ಕಚೇರಿ, ಶಾಲೆ, ಮನೆಪಾಠಗಳ ನಡುವೆ ಹಂಚಿಹೋದ ನಮ್ಮ ನಗರದ ಸಂಸಾರಗಳಲ್ಲಿ ಎಲ್ಲರೂ ಒಂದೆಡೆ ನಾಲ್ಕು ಗಂಟೆ ಕುಳಿತಿರುವ ಸಂದರ್ಭಗಳೇ ವಿರಳ. ಅಂಥ ಹೊತ್ತನ್ನು ಮಾತಿನಿಂದ ತುಂಬಿಸುವ ಕಾರ್ಯಕ್ರಮ ಒಳ್ಳೆಯದು. ಮಾತನ್ನು ಮುಚ್ಚಿಹಾಕುವಂಥದು ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಕಾರಿಗೆ ತಕ್ಕದ್ದಲ್ಲ.

ಕಣ್ಣಿಗಿಂತ ಕಿವಿ ಲೇಸು

ಚಲಿಸುವ ಕಾರಿನಲ್ಲಿ ಪುಸ್ತಕವನ್ನೋ ಮೊಬೈಲಿನ ಪರದೆಯನ್ನೋ ನೋಡುವ ಮಗುವಿಗೆ ಹೊಟ್ಟೆ ತೊಳಸುವುದು ಎಲ್ಲರೂ ಕಂಡ ಸಂಗತಿ. ಒಳಗಿವಿಯಲ್ಲಿರುವ ಸಮತೋಲನದ ಅಂಗ ಕಾರಿನ ಪ್ರತಿಯೊಂದು ತಿರುವನ್ನೂ ಕುಲುಕಾಟವನ್ನೂ ಮೆದುಳಿಗೆ ತಿಳಿಸುತ್ತಿರುತ್ತದೆ. ಪರದೆಯಲ್ಲಿ ನೆಟ್ಟ ಕಣ್ಣು ‘ಏನೂ ಅಲುಗುತ್ತಿಲ್ಲ’ ಎಂದು ಹೇಳುತ್ತದೆ. ಈ ಎರಡು ಸಾಕ್ಷಿಗಳು ಪರಸ್ಪರ ಹೊಂದದಿರುವುದೇ ವಾಕರಿಕೆಗೆ ಮೂಲ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಲ್ಲಿ ಈ ಬಾಧೆ ಹೆಚ್ಚು. ಕೇಳುತ್ತ ಕುಳಿತ ಮಗುವಿನ ಕಣ್ಣಾದರೋ ಬಿಡುವಾಗಿರುತ್ತದೆ. ಅದು ಕಿಟಕಿಯಾಚೆಯ ಬೆಟ್ಟವನ್ನೂ ತೋಟವನ್ನೂ ನೋಡಬಹುದು. ದೂರದ ದಿಗಂತವನ್ನು ನೋಡುತ್ತಿದ್ದರೆ ಹೊಟ್ಟೆಯೂ ಶಾಂತವಾಗಿರುತ್ತದೆ.

ಕೇಳಿ ಕಲಿಯುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಗಮಕಿಗಳು ಓದಿದ ಭಾರತವನ್ನು ಕೇಳಿ, ಹರಿಕಥೆಯ ದಾಸರ ಮಾತನ್ನು ಕೇಳಿ, ಅಕ್ಷರವರಿಯದವರೂ ಕಾವ್ಯದ ರುಚಿ ಬಲ್ಲವರಾಗಿದ್ದರು. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮತ್ತು ಅರ್ಥಧಾರಿಗಳ ವಾದ ಇಷ್ಟರಿಂದಲೇ ಕೃಷ್ಣನೂ ಕರ್ಣನೂ ಕಣ್ಣಮುಂದೆ ಬರುತ್ತಾರೆ.

ಆರಿಸುವ ಬಗೆ

ಮೊದಲನೆಯದಾಗಿ, ಕಾರ್ಯಕ್ರಮದಲ್ಲಿ ಮಗುವಿನ ಪ್ರಶ್ನೆಗೆ ಸ್ಥಾನವಿದೆಯೆ ಎಂಬುದನ್ನು ನೋಡಬೇಕು. ಅಮೆರಿಕದಲ್ಲಿ ೨೦೧೨ರಲ್ಲಿ ಆರಂಭವಾದ ‘ಬ್ರೇನ್ಸ್ ಆನ್’ ಎಂಬ ವಿಜ್ಞಾನದ ಪಾಡ್‌ಕಾಸ್ಟಿನಲ್ಲಿ ಒಬ್ಬ ಬಾಲಕನೋ ಬಾಲಕಿಯೋ ನಿರೂಪಕರ ಸರಿಸಮನಾಗಿ ಕುಳಿತು ಮಾತನಾಡುವುದುಂಟು. ನಡುವೆ ಒಂದು ಗುಟ್ಟಿನ ಸದ್ದನ್ನು ಕೇಳಿಸಿ, ಅದು ಯಾವುದರ ಸದ್ದೆಂದು ಊಹಿಸಲು ಕೇಳುಗರಿಗೆ ಬಿಡುತ್ತಾರೆ. ವರ್ಮಾಂಟ್ ಸಂಸ್ಥಾನದ ಸಾರ್ವಜನಿಕ ಬಾನುಲಿ ೨೦೧೬ರಲ್ಲಿ ಹೊರತಂದ ‘ಬಟ್ ವೈ’ ಎಂಬುದರಲ್ಲಿ ಮಕ್ಕಳೇ ಕಳುಹಿಸಿದ ಪ್ರಶ್ನೆಗಳಿಗೆ ವಿಷಯ ಬಲ್ಲವರಿಂದ ಉತ್ತರ ಕೊಡಿಸುತ್ತಾರೆ. ಇವುಗಳಿಂದ ನಾವು ಕಲಿಯಬೇಕಾದದ್ದು ಇದು: ಪ್ರಶ್ನೆ ಬಂದ ಕೂಡಲೆ ನಿಲ್ಲಿಸಬೇಕು. ‘ನಿನಗೇನು ತೋರುತ್ತದೆ?’ ಎಂದು ಮಕ್ಕಳನ್ನು ಕೇಳಬೇಕು. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಹೇಳಿದ ಮೇಲೆ ಉತ್ತರ ಕೇಳಬೇಕು. ಪಾಡ್‌ಕಾಸ್ಟಿನ ಅತ್ಯುತ್ತಮ ಗುಣ ಅದನ್ನು ನಡುವೆ ನಿಲ್ಲಿಸಬಹುದಾದುದೇ.

ಎರಡನೆಯದು, ಧ್ವನಿಯ ಸ್ಪಷ್ಟತೆ. ಹೆದ್ದಾರಿಯಲ್ಲಿ ಓಡುವ ಕಾರಿನೊಳಗೆ ಚಕ್ರದ ಸದ್ದು, ಗಾಳಿಯ ಸದ್ದು, ಎಂಜಿನ್ನಿನ ಸದ್ದು ಎಲ್ಲ ಸೇರಿ ಒಂದು ಮೊರೆತ ಇದ್ದೇ ಇರುತ್ತದೆ. ಮನೆಯಲ್ಲಿ ಕೇಳಿದಾಗ ಸೊಗಸೆನಿಸಿದ ಹಿನ್ನೆಲೆ ಸಂಗೀತ, ಪಿಸುಮಾತು, ನಾಲ್ವರು ಏಕಕಾಲದಲ್ಲಿ ನಗುವುದು ಇವೆಲ್ಲ ಕಾರಿನಲ್ಲಿ ಗೊಂದಲವಾಗುತ್ತವೆ. ಒಂದೆರಡು ಧ್ವನಿಗಳು ನಿಧಾನವಾಗಿ ಬಿಡಿಸಿ ಹೇಳುವಂಥದನ್ನೇ ಆರಿಸುವುದು ಕ್ಷೇಮ.

ಮೂರನೆಯದು, ವಯಸ್ಸಿಗೆ ತಕ್ಕ ಅವಧಿ. ಐದಾರು ವರ್ಷದ ಮಗುವಿಗೆ ಹತ್ತು ಹನ್ನೆರಡು ನಿಮಿಷದ ಒಂದು ಕಥೆ ಸಾಕು. ಹತ್ತು ವರ್ಷದವರು ಅರ್ಧ ಗಂಟೆ ಕೇಳಿಯಾರು. ಇಬ್ಬರೂ ಕಾರಿನಲ್ಲಿದ್ದರೆ ಚಿಕ್ಕವರ ಸರದಿ ಮೊದಲು. ಅವರಿಗೆ ನಿದ್ದೆ ಬಂದ ಮೇಲೆ ದೊಡ್ಡವರದು.

ನಾಲ್ಕನೆಯದು, ಹೇಳುವವರ ಪ್ರಾಮಾಣಿಕತೆ. ಐತಿಹ್ಯವನ್ನು ಐತಿಹ್ಯವೆಂದೂ ಇತಿಹಾಸವನ್ನು ಇತಿಹಾಸವೆಂದೂ ಬೇರ್ಪಡಿಸಿ ಹೇಳುತ್ತಾರೆಯೆ? ತಮಗೆ ಹೇಗೆ ತಿಳಿಯಿತೆಂಬುದನ್ನು ಸೂಚಿಸುತ್ತಾರೆಯೆ? ಇದನ್ನರಿಯಲು ತಾಯಿಯೋ ತಂದೆಯೋ ಹಿಂದಿನ ದಿನವೇ ಒಮ್ಮೆ ಪೂರ್ತಿಯಾಗಿ ಕೇಳಿಬಿಡಬೇಕು. ನಡುವೆ ತೂರಿಬರುವ ಜಾಹೀರಾತುಗಳು ಎಂಥವೆಂಬುದೂ ಆಗ ಗೊತ್ತಾಗುತ್ತದೆ.

ದಾರಿಗೆ ತಕ್ಕ ಪಾಠ

ಬೆಂಗಳೂರಿನಿಂದ ಶ್ರವಣಬೆಳಗೊಳವನ್ನು ನೋಡಿಕೊಂಡು ಬೇಲೂರಿಗೆ ಹೋಗುವ ಸಂಸಾರವೊಂದನ್ನು ಊಹಿಸಿಕೊಳ್ಳಿ. ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನಗಳ ಮೇಲೆ ದಾರಿ ಸಾಗುತ್ತದೆ. ಮಕ್ಕಳಿಗೆ ಇಲ್ಲಿ ಡೈನೋಸಾರಿನ ಕಥೆಯನ್ನು ಕೇಳಿಸಿದರೆ ತಪ್ಪೇನೂ ಇಲ್ಲ. ಆದರೆ ಕಲ್ಲಿನ ಬಗೆಗೆ, ಬಂಡೆಗಳು ಹುಟ್ಟುವ ಬಗೆಗೆ ಒಂದು ಕಾರ್ಯಕ್ರಮವನ್ನು ಮೊದಲೇ ಹುಡುಕಿಟ್ಟುಕೊಂಡಿದ್ದರೆ ಆ ದಿನದ ಪ್ರಯಾಣವೇ ಬೇರೆಯಾಗುತ್ತದೆ.

ಏಕೆಂದರೆ, ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯನು ಮಾಡಿಸಿದ ಸುಮಾರು ೫೭ ಅಡಿ ಎತ್ತರದ ಗೊಮ್ಮಟನು ಗಟ್ಟಿಯಾದ ಕಣಶಿಲೆಯವನು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿ ಬಳಪದ ಕಲ್ಲಿನದು. ಗೊಮ್ಮಟನ ಮೈ ಏಕೆ ಅಷ್ಟು ಸರಳ, ಬೇಲೂರಿನ ಮದನಿಕೆಯ ಕೊರಳ ಸರದ ಒಂದೊಂದು ಮಣಿಯೂ ಏಕೆ ಅಷ್ಟು ಸೂಕ್ಷ್ಮ? ಶಿಲ್ಪಿಯ ಮನೋಧರ್ಮದಷ್ಟೇ ಕಲ್ಲಿನ ಗುಣವೂ ಇದಕ್ಕೆ ಕಾರಣ. ಬಳಪದ ಕಲ್ಲು ಮೃದು, ಉಳಿಗೆ ಒಲಿಯುತ್ತದೆ. ಕಲ್ಲುಗಳಲ್ಲಿ ಬಗೆಬಗೆಯುಂಟೆಂದು ದಾರಿಯಲ್ಲಿ ಕೇಳಿದ ಮಗು, ಎರಡೂ ಕಡೆಗಳಲ್ಲಿ ಕಣ್ಣಾರೆ ಕಂಡು ಈ ಉತ್ತರವನ್ನು ತಾನೇ ಕಂಡುಕೊಳ್ಳಬಲ್ಲದು. ಹಾಗೆ ಕಂಡುಕೊಂಡದ್ದು ಜನ್ಮಕ್ಕೂ ಮರೆಯುವುದಿಲ್ಲ.

ಪ್ರಾಮಾಣಿಕತೆಯ ಮಾತನ್ನು ಪರೀಕ್ಷಿಸಲೂ ಬೇಲೂರೇ ಸರಿಯಾದ ಸ್ಥಳ. ಜಕಣಾಚಾರಿ, ಅವನ ಮಗ ಡಂಕಣ, ವಿಗ್ರಹದೊಳಗೆ ಅಡಗಿದ್ದ ಕಪ್ಪೆ, ಈ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಅದು ಚೆಲುವಾದ ಐತಿಹ್ಯ; ಮಕ್ಕಳಿಗೆ ಖಂಡಿತ ಹೇಳಬೇಕು. ಆದರೆ ಬೇಲೂರಿನ ಶಿಲ್ಪಗಳ ಕೆಳಗೆ ತಮ್ಮ ಹೆಸರನ್ನು ಕೆತ್ತಿಟ್ಟುಹೋದವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು. ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಡುವ ಕಾರ್ಯಕ್ರಮ ಕಥೆ ಹೇಳಿತೇ ಹೊರತು ವಿದ್ಯೆ ಕೊಡಲಿಲ್ಲ. ಎರಡನ್ನೂ ಹೇಳಿ, ‘ಕಥೆ ಎಲ್ಲಿಂದ ಬಂತು, ಹೆಸರು ಎಲ್ಲಿ ಸಿಕ್ಕಿತು?’ ಎಂದು ಕೇಳುವಂತೆ ಮಾಡುವುದೇ ನಿಜವಾದ ಶಿಕ್ಷಣ. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇವುಗಳ ವಿಚಾರವಾಗಿ ಹೇಳುವವರು ಹೆಚ್ಚಿದ್ದಾರೆ. ಆದುದರಿಂದ ಜರಡಿ ಹಿಡಿಯುವ ಕೆಲಸವೂ ಹೆಚ್ಚಿದೆ.

ಕೆಲವು ವ್ಯವಹಾರದ ಮಾತುಗಳು

ಬೇಕಾದ ಸಂಚಿಕೆಗಳನ್ನು ಮನೆಯಲ್ಲಿಯೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಬೇಕು. ಸಾಮಾನ್ಯ ಗುಣಮಟ್ಟದ ಮುದ್ರಣವಾದರೆ ನಿಮಿಷಕ್ಕೆ ಸುಮಾರು ಒಂದು ಮೆಗಾಬೈಟ್ ಸ್ಥಳ ಸಾಕು; ಮೂರು ಗಂಟೆಯ ಸಾಮಗ್ರಿ ಇನ್ನೂರು ಮೆಗಾಬೈಟಿನೊಳಗೆ ಅಡಗುತ್ತದೆ. ಕಾಡು ಘಟ್ಟಗಳ ದಾರಿಯಲ್ಲಿ ಸಿಗ್ನಲ್ಲು ಕೈಕೊಟ್ಟು, ಕಥೆ ಸರಿಯಾಗಿ ರಾಕ್ಷಸ ಬರುವ ಹೊತ್ತಿಗೆ ನಿಂತುಹೋದರೆ ಮಕ್ಕಳನ್ನು ಸಮಾಧಾನಪಡಿಸುವುದು ಬ್ರಹ್ಮನಿಗೂ ಸಾಧ್ಯವಿಲ್ಲ.

ಯಂತ್ರವನ್ನು ನಡೆಸುವ ಅಧಿಕಾರ ಕಾರು ನಡೆಸುವವರಿಗೆ ಇರಕೂಡದು. ಘಟ್ಟದ ತಿರುವು, ಮಳೆ, ಮಂಜು, ಊರೊಳಗಿನ ಜನಸಂದಣಿ ಇವು ಬಂದಾಗ ಧ್ವನಿಯನ್ನು ಪೂರ್ತಿಯಾಗಿ ನಿಲ್ಲಿಸಬೇಕು. ರೋಚಕವಾದ ಕಥೆ ಚಾಲಕನ ಗಮನವನ್ನೂ ಸೆಳೆಯುತ್ತದೆಂಬುದನ್ನು ಮರೆಯಬಾರದು.

ಒಬ್ಬೊಬ್ಬ ಮಗುವಿಗೂ ಪ್ರತ್ಯೇಕವಾದ ಹೆಡ್‌ಫೋನು ಕೊಡುವುದರಿಂದ ಎರಡು ನಷ್ಟಗಳು. ಒಂದು ಆರೋಗ್ಯದ್ದು: ಕಾರಿನ ಮೊರೆತವನ್ನು ಮೀರಿ ಕೇಳಿಸಲೆಂದು ಮಕ್ಕಳು ಧ್ವನಿಯನ್ನು ಏರಿಸುತ್ತಲೇ ಹೋಗುತ್ತಾರೆ. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನದಂಡವು ಮಕ್ಕಳಿಗೆ ೭೫ ಡೆಸಿಬೆಲ್ ಧ್ವನಿಯನ್ನು ವಾರಕ್ಕೆ ೪೦ ಗಂಟೆಯ ಮಿತಿಯಲ್ಲಿಡಬೇಕೆನ್ನುತ್ತದೆ. ಧ್ವನಿ ಏರಿದಷ್ಟೂ ಈ ಗಂಟೆಗಳು ಬೇಗ ಕರಗುತ್ತವೆ. ಇನ್ನೊಂದು ಸಂಸಾರದ್ದು: ನಾಲ್ವರು ನಾಲ್ಕು ಲೋಕಗಳಲ್ಲಿ ಕುಳಿತು ಒಂದೇ ಊರನ್ನು ತಲುಪಿದಂತಾಗುತ್ತದೆ. ಪೂರ್ಣ ಮೌನಕ್ಕೂ ಅಷ್ಟು ಅವಕಾಶವಿರಲಿ. ಸುಮ್ಮನೆ ಕಿಟಕಿಯಾಚೆ ನೋಡುತ್ತ ಬೇಸರಪಡುವುದೂ ಬಾಲ್ಯದ ಹಕ್ಕೇ.

ಯಾವ ಭಾಷೆಯಲ್ಲಿ?

ಉಳಿದುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮಕ್ಕಳಿಗಾಗಿ ಒಳ್ಳೆಯ ಪಾಡ್‌ಕಾಸ್ಟ್ ಎಂದು ಹುಡುಕಿದರೆ ಸಿಗುವುದು ಬಹುಪಾಲು ಇಂಗ್ಲಿಷಿನವು. ಅವುಗಳನ್ನು ದೂರವಿಡಬೇಕೆಂದು ಕನ್ನಡ ಕಲಿಸುವ ನಾನೂ ಹೇಳುವುದಿಲ್ಲ. ಆದರೆ ಹಿಂದಿನ ಆಸನದಲ್ಲಿ ಅಜ್ಜಿಯೋ ತಾತನೋ ಕುಳಿತಿದ್ದು, ಮಕ್ಕಳು ನಕ್ಕಾಗ ಅವರು ಸುಮ್ಮನೆ ಮುಖ ನೋಡಬೇಕಾಗಿ ಬಂದರೆ, ಆ ಕಾರಿನಲ್ಲಿ ಎಲ್ಲರೂ ಒಟ್ಟಿಗೆ ಪ್ರಯಾಣ ಮಾಡಿದಂತಾಗಲಿಲ್ಲ. ಕುಣಿಗಲ್ಲಿನ ಕೆರೆಯನ್ನು ನೋಡಿದಾಗ ತೂಬು ಎಂದರೇನು, ಕೋಡಿ ಬೀಳುವುದೆಂದರೇನು ಎಂಬುದನ್ನು ಅಮೆರಿಕದ ಯಾವ ಪಾಡ್‌ಕಾಸ್ಟೂ ಹೇಳಲಾರದು, ಅಜ್ಜಿ ಹೇಳಬಲ್ಲರು. ಆದ್ದರಿಂದ ಇಂಗ್ಲಿಷಿನ ಒಂದು ಸಂಚಿಕೆ ಮುಗಿದ ಮೇಲೆ, ಅದರಲ್ಲಿ ಏನು ಬಂತೆಂದು ಅಜ್ಜಿಗೆ ಕನ್ನಡದಲ್ಲಿ ಹೇಳುವ ಕೆಲಸವನ್ನು ಮಕ್ಕಳಿಗೇ ವಹಿಸಬೇಕು. ಕೇಳಿದ್ದು ಅರ್ಥವಾಗಿದೆಯೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಕನ್ನಡದಲ್ಲಿ ಏನೂ ಇಲ್ಲವೆಂದಲ್ಲ. ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಈಗ ಮೊಬೈಲಿನಲ್ಲಿಯೂ ಕೇಳಬಹುದು. ಗಮಕ, ಹರಿಕಥೆ, ತಾಳಮದ್ದಳೆಗಳ ಮುದ್ರಣಗಳು ದೊರೆಯುತ್ತವೆ. ವಾದಪ್ರಿಯರಾದ ಹದಿಮೂರು ಹದಿನಾಲ್ಕರ ಮಕ್ಕಳಿಗೆ ತಾಳಮದ್ದಳೆಯ ಒಂದು ಸಂವಾದವನ್ನು ಕೇಳಿಸಿ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ ೨೦೧೫ರಲ್ಲಿ ತೆರೆದ ‘ಸ್ಟೋರಿವೀವರ್’ ಎಂಬ ಭಂಡಾರದಲ್ಲಿ ಕನ್ನಡದ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಲೇಖಕರ ಹೆಸರು ಹೇಳಿ ಅವನ್ನು ಯಾರು ಬೇಕಾದರೂ ಓದಿ ಮುದ್ರಿಸಿಕೊಳ್ಳಬಹುದು.

ಈ ಮುದ್ರಿಸಿಕೊಳ್ಳುವ ಉಪಾಯವೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಪ್ರಯಾಣಕ್ಕೆ ಒಂದು ವಾರ ಮೊದಲು, ಬೀಸಣಿಗೆಯನ್ನು ನಿಲ್ಲಿಸಿ, ಬಾಗಿಲು ಹಾಕಿ, ಅಜ್ಜಿಯ ಮುಂದೆ ಮೊಬೈಲನ್ನಿಟ್ಟು ಅವರ ಬಾಲ್ಯದ ಒಂದು ಪ್ರಯಾಣವನ್ನು ಹೇಳಿಸಿ. ಪ್ರಶ್ನೆ ಕೇಳುವ ಕೆಲಸ ಮಕ್ಕಳದಾಗಲಿ. ಹತ್ತು ನಿಮಿಷ ಸಾಕು. ಅವರು ಪ್ರಯಾಣಕ್ಕೆ ಬರಲಾರದಷ್ಟು ಅಶಕ್ತರಾಗಿದ್ದರೂ ಅವರ ಮಾತು ಕಾರಿನಲ್ಲಿರುತ್ತದೆ. ಪೇಟೆಯಿಂದ ತಂದ ಕಥೆಯನ್ನು ಇನ್ನೊಮ್ಮೆ ತರಬಹುದು. ಆ ಧ್ವನಿಯನ್ನು ಮುಂದೊಂದು ದಿನ ಎಲ್ಲಿ ಹುಡುಕಿದರೂ ತರಲಾಗದು. ಅದನ್ನು ಕೂಡಿಡುವ ಕೆಲಸವನ್ನು ಈ ಭಾನುವಾರವೇ ಮಾಡಬಹುದಲ್ಲವೆ?