ಪಕ್ಕದ ಮನೆಯ ಕಳ್ಳ ಕಂಠ

ಭಾನುವಾರ ಅಬಿಡ್ಸ್‌ನ ಅಂಗಡಿಗಳು ಬಾಗಿಲು ಹಾಕಿದರೆ ಫುಟ್‌ಪಾತ್ ತುಂಬ ಹಳೇ ಪುಸ್ತಕಗಳದೇ ಕಾರುಬಾರು. ಹೋದ ಸಲ ಹೈದರಾಬಾದಿಗೆ ಹೋದಾಗ ಎಂಜಿನಿಯರಿಂಗ್ ಗೈಡುಗಳ ರಾಶಿಯಡಿಯಿಂದ ಅಂಗೈಯಗಲದ್ದೊಂದನ್ನು ಎಳೆದೆ. ಟಾಕೀಸಿನ ಮುಂದೆ ಮಾರುತ್ತಿದ್ದರಲ್ಲ, ಆ ಹಾಡಿನ ಪುಸ್ತಕ. ಪಿನ್ನಿನ ತುಕ್ಕು ಕಾಗದವನ್ನೇ ತಿಂದಿತ್ತು. ಹಿಂಬದಿಗೆ ಯಾರೋ ಪೆನ್ಸಿಲ್ಲಿನಲ್ಲಿ ಧೋಬಿ ಲೆಕ್ಕ ಬರೆದಿದ್ದರು. ತೆಲುಗು ಅಕ್ಷರ ಕೂಡಿಸಿ ಓದಿದೆ: ‘ಪಕ್ಕ ಇಂಟಿ ಅಮ್ಮಾಯಿ’. 1953ರ ಚಿತ್ರ!

‘ಸೌ ರುಪಯೆ’ ಎಂದ ಅಂಗಡಿಯವ. ‘ನಕ್ಕೋ’ ಎಂದೆ. ಕಲಬುರಗಿಯವನಿಗೆ ಆ ಮಾತು ಯಾರೂ ಕಲಿಸಬೇಕಿಲ್ಲ. ಈ ಚಿತ್ರ ಬಂದಾಗ ನಮ್ಮೂರೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಅರವತ್ತಕ್ಕೆ ಇಳಿದ.

ಕಥೆ ನಿಮಗೆ ಗೊತ್ತಿರುವುದೇ. ಹಿಂದಿಯ ‘ಪಡೋಸನ್’ ನೋಡದವರು ಯಾರಿದ್ದಾರೆ? ಪಕ್ಕದ ಮನೆ ಹುಡುಗಿಗೆ ಸಂಗೀತದ ಹುಚ್ಚು, ಹುಡುಗನಿಗೆ ಗಂಟಲೇ ಇಲ್ಲ, ನಡುವೆ ಅವಳ ಮೇಲೆ ಕಣ್ಣಿಟ್ಟ ಸಂಗೀತದ ಮೇಷ್ಟ್ರು. ಗೆಳೆಯ ಮರೆಯಲ್ಲಿ ಕೂತು ಹಾಡುತ್ತಾನೆ, ಇವನು ಕಿಟಕಿಯಲ್ಲಿ ಬಾಯಾಡಿಸುತ್ತಾನೆ. ಅರುಣ್ ಚೌಧುರಿ ಅವರ ಕತೆ 1952ರಲ್ಲಿ ಬಂಗಾಳಿಯ ‘ಪಾಶೇರ್ ಬಾಡಿ’ಯಾಯಿತು. ಮರುವರ್ಷವೇ ಸಿ. ಪುಲ್ಲಯ್ಯ ತೆಲುಗಿಗೆ ತಂದರು. 1960ರಲ್ಲಿ ತಮಿಳು, 1968ರಲ್ಲಿ ಹಿಂದಿ, 1981ರಲ್ಲಿ ಮತ್ತೆ ತೆಲುಗು, 2004ರಲ್ಲಿ ರಾಘವೇಂದ್ರ ರಾಜ್‌ಕುಮಾರ್ ಅವರ ‘ಪಕ್ಕದ್ಮನೆ ಹುಡುಗಿ’. ತೆಲುಗಿನಲ್ಲೂ ತಮಿಳಿನಲ್ಲೂ ಹುಡುಗಿ ಅಂಜಲಿದೇವಿಯೇ. ಏಳು ವರ್ಷ ಕಳೆದರೂ ಆಕೆ ಪಕ್ಕದ ಮನೆ ಖಾಲಿ ಮಾಡಲಿಲ್ಲ.

ನನ್ನನ್ನು ಕಾಡುವುದು ಆ ಕಿಟಕಿ. ಹಿನ್ನೆಲೆ ಗಾಯನ ಎಂಬ ಕಸುಬನ್ನೇ ಈ ಕತೆ ಗೇಲಿ ಮಾಡುತ್ತದಲ್ಲ! ಒಬ್ಬರ ಬಾಯಿಗೆ ಇನ್ನೊಬ್ಬರ ದನಿ ಅಂಟಿಸಿ ಅದನ್ನೇ ನಂಬುವುದಕ್ಕೆ ನಾವು ಟಿಕೆಟ್ಟು ಕೊಳ್ಳುತ್ತೇವೆ. ಪಾಪ, ಹುಡುಗಿ ಪುಕ್ಕಟೆ ನಂಬಿದಳು. ಚಿತ್ರ ಮಾಡಿದವರಿಗೂ ಇದರ ಮಜಾ ಗೊತ್ತಿದ್ದಿರಬೇಕು. 1953ರಲ್ಲಿ ಗಾಯಕ ಎ.ಎಂ. ರಾಜಾ ಅವರನ್ನೇ ತೆರೆಗೆ ತಂದರು, ಹಿಂದಿಯಲ್ಲಿ ಕಿಶೋರ್ ಕುಮಾರ್, 1981ರಲ್ಲಿ ನಮ್ಮ ಎಸ್‌ಪಿಬಿ. ಮೂವರೂ ಪರರ ತುಟಿಗೆ ದನಿ ಕೊಟ್ಟು ಅನ್ನ ತಿಂದವರೇ.

ಹಿಂದಿಯ ಜುಗಲ್‌ಬಂದಿಯನ್ನು ಇನ್ನೊಮ್ಮೆ ನೋಡಿ. ಸುನಿಲ್ ದತ್ ಬಾಯಾಡಿಸುತ್ತಾರೆ, ಅದು ಮೋಸ. ಎದುರಿಗೆ ಅಪ್ಪಟ ವಿದ್ವಾಂಸನಂತೆ ಕೆರಳುವ ಮೇಷ್ಟ್ರು ಮೆಹಮೂದ್? ಅಲ್ಲಿ ಕೇಳುವುದು ಮನ್ನಾ ಡೇ ಕಂಠ. ಮೋಸಕ್ಕೆ ಸೋತವನ ದನಿಯೂ ಸಾಲದ್ದೇ! ಸ್ವಂತ ಕಂಠದವನೆಂದರೆ ಅಡಗಿ ಕೂತ ಕಿಶೋರ್ ಒಬ್ಬನೇ. ಅಂದಹಾಗೆ, ಮೆಹಮೂದರ ಜುಟ್ಟು, ‘ಅಯ್ಯಯ್ಯೋ’ಗಳಿಗೆ ಊರೆಲ್ಲ ನಕ್ಕರೂ ನನಗೆ ಅಷ್ಟು ನಗು ಬರುವುದಿಲ್ಲ. ದಕ್ಷಿಣದವನಿಗೆ ಸಂಗೀತ ಕೊಟ್ಟು ಮರ್ಯಾದೆ ಕಿತ್ತುಕೊಂಡ ವೇಷ ಅದು.

ನನ್ನ ಒಲವು 1953ರ ತೆಲುಗಿನ ರೇಲಂಗಿ ಕಡೆಗೆ. ಹಾಸ್ಯನಟನನ್ನೇ ಹೀರೋ ಮಾಡಿದ ಪುಲ್ಲಯ್ಯನವರ ಧೈರ್ಯ ದೊಡ್ಡದು. ಸುನಿಲ್ ದತ್ ಪೆದ್ದನಾಗಲು ಮೇಕಪ್ಪು ಬೇಕಿತ್ತು; ರೇಲಂಗಿಗೆ ಮುಖ ಸಾಕು.

ಸಂಜೆ ಕಾಚಿಗುಡದಲ್ಲಿ ಸೋದರತ್ತೆಗೆ ಪುಸ್ತಕ ಕೊಟ್ಟು, ‘ಹಾಡಾಕ ಬರಲಾರದ ಹೀರೋನ ಸಿನಿಮಾ, ಅತ್ತಿ’ ಎಂದೆ. ಅತ್ತೆ ಚಾಳೀಸು ಏರಿಸಿದರು. ‘ರೇಲಂಗಿಗೆ ಹಾಡಾಕ ಬರೂದಿಲ್ಲಂತ ಯಾರ್ ಹೇಳಿದ್ರೋ ನಿನಗ? ಮಿಸ್ಸಮ್ಮದಾಗ ಭಿಕ್ಷಾ ಬೇಡೂ ಹಾಡು ಅಂವಂದ ದನಿ!’ ನಿಜವೇ. 1955ರ ‘ಮಿಸ್ಸಮ್ಮ’ದಲ್ಲಿ ಆ ಹಾಡು ರೇಲಂಗಿಯದೇ ಕಂಠ. ಎರಡು ವರ್ಷದ ಹಿಂದೆ ಎರವಲು ದನಿಗೆ ಕಿಟಕಿಯಲ್ಲಿ ನಿಂತ ಮನುಷ್ಯ!

ಅತ್ತೆ ಆಗಲೇ ಪುಸ್ತಕ ತಿರುಗಿಸಿ ಧೋಬಿ ಲೆಕ್ಕಕ್ಕೆ ಇಳಿದಿದ್ದರು. ‘ಧೋತ್ರ ನಾಕು, ಅಂಗಿ ಆರು... ಒಂದರ ಸೀರಿ ಇಲ್ಲ ನೋಡು. ಲಗ್ನ ಆಗಿದ್ದಿಲ್ಲ ಕಾಣಸ್ತದ.’