ಬಿಸಿ ಮಾಡಿದರೆ ಸಾಕೇ?

ಕಳೆದ ವರ್ಷ ಸಂಬಂಧಿಕರ ವಲೀಮಾ ಮುಗಿಸಿ ನಾವು ಮನೆಗೆ ಬಂದಾಗ ರಾತ್ರಿ ಹತ್ತೂವರೆ. ಅವರು ಪ್ರೀತಿಯಿಂದ ಒಂದು ದೊಡ್ಡ ಡಬ್ಬಿ ಬಿರಿಯಾನಿ ಕಟ್ಟಿಕೊಟ್ಟಿದ್ದರು. ಎಲ್ಲರಿಗೂ ನಿದ್ದೆ ಬಂದಿತ್ತು. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಉಳಿಯಿತು. ಬೆಳಿಗ್ಗೆ ಅಮ್ಮಿ ಅದನ್ನು ಹಬೆಯಾಡುವಷ್ಟು ಬಿಸಿ ಮಾಡಿ ಬಡಿಸಿದರು. ರುಚಿಯೂ ವಾಸನೆಯೂ ಚೆನ್ನಾಗಿಯೇ ಇದ್ದವು. ಆದರೆ ಮಧ್ಯಾಹ್ನದ ಹೊತ್ತಿಗೆ ದಾದಿಗೂ ನನ್ನ ತಮ್ಮನಿಗೂ ವಾಂತಿ ಶುರುವಾಯಿತು. ಸಂಜೆ ದಾದಿಗೆ ಡ್ರಿಪ್ ಹಾಕಿಸಬೇಕಾಯಿತು.

"ನಿನ್ನೆಯ ಅನ್ನ ತಿಂದಿದ್ದೀರಾ?" ಎಂದು ಡಾಕ್ಟರ್ ಕೇಳಿದರು. "ತಿಂದಿದ್ದೇವೆ, ಆದರೆ ಚೆನ್ನಾಗಿ ಬಿಸಿ ಮಾಡಿದ್ದೆನಲ್ಲ" ಎಂದರು ಅಮ್ಮಿ. ನಮ್ಮಲ್ಲಿ ಹೆಚ್ಚಿನವರ ನಂಬಿಕೆಯೂ ಇದೇ. ಅದು ಎಲ್ಲಿ ತಪ್ಪುತ್ತದೆ ಎಂದು ಆಮೇಲೆ ನಾನು ವಿಜ್ಞಾನ ವಿಭಾಗದ ಗೆಳೆಯರನ್ನು ಕೇಳಿ, ಓದಿ ತಿಳಿದುಕೊಂಡೆ.

ಅನ್ನದೊಳಗೆ ಏನಾಗುತ್ತದೆ?

ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇರುತ್ತದೆ. ಅಲ್ಲಿಂದ ಅಕ್ಕಿಗೂ ಬರುತ್ತದೆ. ಇದು ಬೀಜಾಣುವಿನ ರೂಪದಲ್ಲಿ ಇದ್ದಾಗ ಅನ್ನ ಕುದಿಸಿದರೂ ಸಾಯುವುದಿಲ್ಲ. ಬೆಂದ ಅನ್ನ ನಿಧಾನವಾಗಿ ಆರುವಾಗ ಬೀಜಾಣುಗಳು ಮೊಳೆತು ಬೆಳೆಯತೊಡಗುತ್ತವೆ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯನ್ನು ಅಪಾಯದ ವಲಯ ಎನ್ನುತ್ತಾರೆ. ನಮ್ಮ ಅಡುಗೆಮನೆ ವರ್ಷವಿಡೀ ಈ ವಲಯದಲ್ಲೇ ಇರುತ್ತದೆ.

ಕಾಮರ್ಸ್ ವಿದ್ಯಾರ್ಥಿಗಳಿಗೆ ಚಕ್ರಬಡ್ಡಿ ಗೊತ್ತು. ಇಲ್ಲಿಯೂ ಅದೇ ಲೆಕ್ಕ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ದ್ವಿಗುಣವಾಗುತ್ತವೆ. ಒಂದು ಇದ್ದದ್ದು ಎರಡು ಗಂಟೆಯಲ್ಲಿ 64 ಆಗುತ್ತದೆ. ಅದೇ ವೇಗದಲ್ಲಿ ಎಂಟು ಗಂಟೆಗೆ ಲೆಕ್ಕ ಹಾಕಿದರೆ 1,67,77,216! ಮೊದಲ ಎರಡು ಗಂಟೆಯಲ್ಲಿ ಫ್ರಿಜ್‌ಗೆ ಇಡಿ ಎಂದು ಹೇಳುವುದು ಇದಕ್ಕಾಗಿಯೇ. 32 ಡಿಗ್ರಿಗಿಂತ ಹೆಚ್ಚು ಸೆಕೆ ಇದ್ದರೆ ಒಂದೇ ಗಂಟೆ.

ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು. ಆದರೆ ಅದು ಅಷ್ಟರಲ್ಲಿ ಅನ್ನದಲ್ಲಿ ಬಿಟ್ಟ ವಿಷ ಹೋಗುವುದಿಲ್ಲ. ವಾಂತಿ ತರಿಸುವ ಈ ವಿಷ 121 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೂ ಉಳಿಯುತ್ತದೆ. ನಮ್ಮ ಗ್ಯಾಸ್ ಒಲೆಯ ಹತ್ತು ನಿಮಿಷ ಅದಕ್ಕೆ ಲೆಕ್ಕವೇ ಅಲ್ಲ. ಇಂಥ ಅನ್ನ ತಿಂದ ಒಂದರಿಂದ ಆರು ಗಂಟೆಯೊಳಗೆ ಸಾಮಾನ್ಯವಾಗಿ ವಾಂತಿ ಶುರುವಾಗುತ್ತದೆ. ಈ ವಿಷಕ್ಕೆ ವಾಸನೆ ಇಲ್ಲ, ರುಚಿಯೂ ಇಲ್ಲ. ಆದ್ದರಿಂದ "ಮೂಸಿ ನೋಡಿದೆ, ಹಳಸಿಲ್ಲ" ಎನ್ನುವುದು ಪರೀಕ್ಷೆಯಲ್ಲ.

ಮಾಂಸದ ಅಡುಗೆಯಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡ ದೇಗ್‌ನ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕ್ಲಾಸ್ಟ್ರೀಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅದು ತಕ್ಕ ಜಾಗ. ಹೊಟ್ಟೆನೋವು, ಭೇದಿ ಬರುವುದು ಇದರಿಂದ.

"ಹಿಂದಿನವರು ತಂಗಳನ್ನ ತಿನ್ನುತ್ತಿರಲಿಲ್ಲವೇ?" ಎಂದು ಕೇಳಬಹುದು. ಅನ್ನವನ್ನು ನೀರಿನಲ್ಲಿ ನೆನೆಸಿಟ್ಟಾಗ ಅದು ಹುಳಿಯಾಗುತ್ತದೆ, ಆ ಹುಳಿ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಮುಚ್ಚಿಟ್ಟ ಬಿರಿಯಾನಿಯಲ್ಲಿ ಹಾಗೆ ಆಗುವುದಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಹಾಗಾದರೆ ಏನು ಮಾಡಬೇಕು?

1. ಉಳಿದ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ. ಬೇಗ ಆರುತ್ತದೆ.

2. ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಪೂರ್ತಿ ತಣ್ಣಗಾಗಲಿ ಎಂದು ರಾತ್ರಿಯಿಡೀ ಕಾಯಬೇಡಿ.

3. ಫ್ರಿಜ್‌ನಲ್ಲಿಟ್ಟ ಅನ್ನವನ್ನು ಮರುದಿನವೇ ಮುಗಿಸಿ. ಬೇಕಾದಷ್ಟನ್ನು ಮಾತ್ರ ತೆಗೆದು, ನಡುಭಾಗವೂ ಹಬೆಯಾಡುವಂತೆ ಒಂದೇ ಸಲ ಬಿಸಿ ಮಾಡಿ.

4. ಫ್ರಿಜ್ ಇಲ್ಲದಿದ್ದರೆ ಅಳತೆ ನೋಡಿ ಅಡುಗೆ ಮಾಡಿ. ಉಳಿದದ್ದನ್ನು ಬಿಸಿ ಇರುವಾಗಲೇ ಅಕ್ಕಪಕ್ಕದವರಿಗೆ ಕೊಡಿ.

5. ವಾಂತಿ, ಭೇದಿ ಆದರೆ ಓಆರ್‌ಎಸ್ ಕುಡಿಸುತ್ತಾ ಇರಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ.

ರಮಜಾನ್‌ನಲ್ಲಿ ಈ ಮಾತು ಇನ್ನೂ ಮುಖ್ಯ. ಇಫ್ತಾರ್‌ಗೆ ಮಾಡಿದ್ದನ್ನು ಹೊರಗೇ ಇಟ್ಟು ಸಹರಿಗೆ ತಿಂದರೆ ಸುಮಾರು ಹತ್ತು ಗಂಟೆ ಕಳೆದಿರುತ್ತದೆ. ವಾಂತಿಯಾಗಿ ಮೈಯ ನೀರು ಹೋದಮೇಲೆ ರೋಜಾ ಇರುವುದಾದರೂ ಹೇಗೆ?

ಅನ್ನ ಚೆಲ್ಲುವುದು ಇಸ್ರಾಫ್ ಎಂದು ದಾದಿ ಯಾವಾಗಲೂ ಹೇಳುತ್ತಾರೆ. ಆ ಮಾತು ನಿಜ. ಆದರೆ ಇಸ್ರಾಫ್ ತಪ್ಪಿಸಬೇಕಾದ ಹೊತ್ತು ರಾತ್ರಿಯೇ, ಬೆಳಿಗ್ಗೆ ಅಲ್ಲ. ಈಗ ನಮ್ಮ ಮನೆಯಲ್ಲಿ ಊಟ ಮುಗಿದ ಕೂಡಲೇ "ಉಳಿದದ್ದನ್ನು ಒಳಗಿಟ್ಟೆಯಾ?" ಎಂದು ಮೊದಲು ಕೇಳುವವರು ದಾದಿಯೇ. ನೀವೂ ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಒಮ್ಮೆ ಕೇಳಿ.