ಹೊಸ ಖಾತೆಗೆ ಸೆಟ್ಟಿಂಗ್ ಬರುವುದು ಎಲ್ಲಿಂದ?

ಶಾಲೆಯ ಲ್ಯಾಬಿನಲ್ಲಿ ಅಡ್ಮಿನ್ ಆಗಿ ಲಾಗಿನ್ ಆಗಿ ಕನ್ನಡ ಕೀಲಿಮಣೆ ಸೇರಿಸಿ, ಬೇಡದ ಐಕಾನ್ ತೆಗೆದರೆ ಮುಂದೆ ಬರುವ ಮಕ್ಕಳಿಗೆಲ್ಲ ಅದೇ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಿಗುವುದಿಲ್ಲ. ಅಡ್ಮಿನ್ ಎಂಬುದೂ ಒಂದು ಖಾತೆ, ಅದರ ಸೆಟ್ಟಿಂಗ್ ಅದಕ್ಕಷ್ಟೇ. ವಿಂಡೋಸ್‌ನಲ್ಲಿ ಹೊಸಬರು ಮೊದಲ ಸಲ ಲಾಗಿನ್ ಆದಾಗ, ಯೂಸರ್ಸ್ ಫೋಲ್ಡರಿನೊಳಗೆ ಅಡಗಿರುವ ‘ಡಿಫಾಲ್ಟ್’ ಫೋಲ್ಡರಿನ ನಕಲಿನಿಂದ ಅವರ ಪ್ರೊಫೈಲ್ ಸಿದ್ಧವಾಗುತ್ತದೆ.

ಹಾಗಾದರೆ ಅಡ್ಮಿನ್ ಪ್ರೊಫೈಲನ್ನೇ ಅಲ್ಲಿಗೆ ಕಾಪಿ ಮಾಡಿದರಾಯಿತು ಎನ್ನುವವರಿದ್ದಾರೆ. ಇದು ಅರ್ಧ ತಿಳಿದವರ ಅಡ್ಡದಾರಿ: ಹಳೆಯ ಖಾತೆಯ ಫೋಲ್ಡರ್ ವಿಳಾಸಗಳು, ಅನುಮತಿಗಳು ಜೊತೆಗೇ ಅಂಟಿಕೊಂಡು ಬಂದು ಕಾಟ ಕೊಡುತ್ತವೆ. ಮೈಕ್ರೋಸಾಫ್ಟ್ ಒಪ್ಪುವ ವಿಧಾನ, ವಿಂಡೋಸ್‌ನದೇ ಸಿಸ್‌ಪ್ರೆಪ್ ಎಂಬ ಸಲಕರಣೆ. ಅದರ ಉತ್ತರ ಕಡತದಲ್ಲಿ ‘ಕಾಪಿಪ್ರೊಫೈಲ್’ ಎಂಬುದನ್ನು ಚಾಲೂ ಮಾಡಬೇಕು. ನಾಲ್ಕು ಕಂಪ್ಯೂಟರಿನ ಲ್ಯಾಬಿಗೆ ಇಷ್ಟು ಸಾಹಸ ಬೇಕಿಲ್ಲ, ಬಿಡಿ. ಬೇಕಿರುವುದು ಕನ್ನಡ ಕೀಲಿಮಣೆಯಷ್ಟೇ ಆದರೆ ಕಂಟ್ರೋಲ್ ಪ್ಯಾನೆಲ್‌ನ ರೀಜನ್‌ಗೆ ಹೋಗಿ, ಅಡ್ಮಿನಿಸ್ಟ್ರೇಟಿವ್ ಪುಟದ ‘ಕಾಪಿ ಸೆಟ್ಟಿಂಗ್ಸ್’ ಒತ್ತಿ, ಹೊಸ ಬಳಕೆದಾರರ ಖಾತೆಗಳ ಚೌಕಕ್ಕೆ ಗುರುತು ಹಾಕಿದರೆ ಕೆಲಸ ಮುಗಿಯಿತು.

ರಿಜಿಸ್ಟ್ರಿ ಬಲ್ಲವರೂ ಮೋಸಹೋಗುವ ಜಾಗ ಒಂದಿದೆ. ಎಚ್‌ಕೀ ಯೂಸರ್ಸ್ ಅಡಿಯಲ್ಲಿ ಚುಕ್ಕಿಯೊಂದಿಗೆ ‘.ಡಿಫಾಲ್ಟ್’ ಎಂದು ಕಾಣುತ್ತದಲ್ಲ, ಅದು ಹೊಸಬರದಲ್ಲ, ಲೋಕಲ್ ಸಿಸ್ಟಮ್ ಎಂಬ ಒಳಖಾತೆಯದು. ಹೊಸಬರದು ಡಿಫಾಲ್ಟ್ ಫೋಲ್ಡರಿನ ಎನ್‌ಟಿಯೂಸರ್ ಕಡತದಲ್ಲಿದೆ. ಅದನ್ನು ‘ಲೋಡ್ ಹೈವ್’ ಮೂಲಕ ತೆರೆದು ತಿದ್ದಿ, ಮರೆಯದೆ ಅನ್‌ಲೋಡ್ ಮಾಡಬೇಕು.

ಡಿಫಾಲ್ಟ್ ಬದಲಿಸಿದರೆ ಹಳೆಯ ಖಾತೆಗಳೂ ಬದಲಾಗುತ್ತವೆ ಎಂಬುದು ಇನ್ನೊಂದು ನಂಬಿಕೆ. ಆಲೆಮನೆಯಲ್ಲಿ ಇಂದು ಅಚ್ಚು ಬದಲಿಸಿದರೆ ನಿನ್ನೆ ಹುಯ್ದ ಬೆಲ್ಲದ ಆಕಾರ ಬದಲಾದೀತೆ? ಲಿನಕ್ಸ್‌ನಲ್ಲೂ ಹೀಗೆಯೇ. ಇಟಿಸಿಯೊಳಗಿನ ‘ಸ್ಕೆಲ್’ ಫೋಲ್ಡರಿನ ಕಡತಗಳು ಹೋಮ್ ಫೋಲ್ಡರ್ ಸೃಷ್ಟಿಯಾಗುವಾಗ ಒಮ್ಮೆ ನಕಲಾಗುತ್ತವೆ, ಆಮೇಲೆ ನಂಟಿಲ್ಲ. ಉಬುಂಟುವಿನಲ್ಲಿ ‘ಯೂಸರ್‌ಆ್ಯಡ್’ ಆಜ್ಞೆಗೆ ‘-ಎಂ’ ಸೇರಿಸದಿದ್ದರೆ ಹೋಮ್ ಫೋಲ್ಡರೇ ಆಗುವುದಿಲ್ಲ. ‘ಆ್ಯಡ್‌ಯೂಸರ್’ ಬಳಸಿದವರಿಗೆ ಈ ತಾಪತ್ರಯವಿಲ್ಲ.

ನಕಲು ಸಿಕ್ಕವರು ಅದನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು, ಹಾಗಾಗಿ ಡಿಫಾಲ್ಟ್ ಎಂದರೆ ಕಡ್ಡಾಯವೂ ಅಲ್ಲ. ಕಡ್ಡಾಯ ಮಾಡಲೇಬೇಕೆಂದರೆ ವಿಂಡೋಸ್‌ನಲ್ಲಿ ಗ್ರೂಪ್ ಪಾಲಿಸಿ ಇದೆ. ಗ್ನೋಮ್ ಇರುವ ಲಿನಕ್ಸ್‌ನಲ್ಲಿ ಸೆಟ್ಟಿಂಗ್‌ಗಳ ಭಂಡಾರವಾದ ಡಿಕಾನ್ಫ್‌ನ ಬೀಗ ಹಾಕಬಹುದು. ನಕಲಾಗುವ ಸ್ಕೆಲ್‌ಗಿಂತ ಭಿನ್ನವಾಗಿ, ಬೀಗವಿಲ್ಲದೆ ಅದರಲ್ಲಿ ಬರೆದ ವ್ಯವಸ್ಥೆ ಮಟ್ಟದ ಡಿಫಾಲ್ಟ್ ಕೂಡ, ಆ ಸೆಟ್ಟಿಂಗನ್ನು ತಾವಾಗಿ ಮುಟ್ಟದ ಹಳೆಯ ಬಳಕೆದಾರರಿಗೂ ತಲುಪುತ್ತದೆ.